ಪಿಂಗಾಣಿ ನಾಯಿಗಳ ಮರುಪ್ರಸಾರ

ಎನಿಡ್ ಆಕ್‌ರಾಯ್ಡ್ ಅವರ ಮನೆಯಲ್ಲಿ ಗಡಿಯಾರವೇನೋ ಇದೆ, ಅದನ್ನು ಯಾರೂ ನೋಡುವುದಿಲ್ಲ. ಅಲ್ಲಿ ಹೊತ್ತು ಗೊತ್ತಾಗುವುದು ಟಿವಿಯ ಒಂದನೇ ಚಾನೆಲ್ಲಿನಿಂದ. ಬೆಳಿಗ್ಗೆ ಸೋಫಾದ ಮೇಲೆ ಕೂತು ಸುದ್ದಿ ಹೇಳುವ ಜೋಡಿ ಕಾಣಿಸಿದರೆ ಮೊದಲ ಟೀ. ಪಾಳುಮನೆ ಹರಾಜಿನ ಕಾರ್ಯಕ್ರಮಕ್ಕೆ ಬಟ್ಟೆ ಇಸ್ತ್ರಿ. ಒಂದು ಗಂಟೆಯ ವಾರ್ತೆಗೆ ಟೋಸ್ಟ್ ಮೇಲೆ ಬೀನ್ಸ್, ಅದರ ಬೆನ್ನಿಗೆ ಹವಾಮಾನದ ಹುಡುಗನಿಗೆ ಬೈಗುಳ. ಸಂಜೆ ಐದೂಕಾಲಿಗೆ ಕ್ವಿಜ್. ಆ ಹೊತ್ತಿನಲ್ಲಿ ಪಾದ್ರಿ ಬಂದು ಬಾಗಿಲು ತಟ್ಟಿದರೂ ಅವರು ಏಳುವುದಿಲ್ಲ.

ಇಂಗ್ಲೆಂಡಿನ ಬ್ಯಾಟ್ಲಿ ಊರಿನ ಈ ಬೀದಿಯಲ್ಲಿ ನಮ್ಮಿಬ್ಬರ ಮನೆಗೂ ಒಂದೇ ಗೋಡೆ. ಮೂವತ್ತು ವರ್ಷದಲ್ಲಿ ಆ ಗೋಡೆಯಾಚೆಯಿಂದ ಟಿವಿಯ ಸದ್ದು ಒಂದು ದಿನವೂ ಕೇಳಿಲ್ಲ. ಕೇಳುವುದು ಎನಿಡ್ ಸದ್ದು ಮಾತ್ರ. ಹದಿನೈದು ತುಂಬಿದ್ದೇ ಕಂಬಳಿ ಗಿರಣಿ ಸೇರಿದವರು ಅವರು. ಅಲ್ಲಿನ ಮಗ್ಗಗಳ ಗದ್ದಲದಲ್ಲಿ ಪಕ್ಕದವಳು ಕಿರುಚಿದರೂ ಕೇಳುತ್ತಿರಲಿಲ್ಲ. ಹಾಗಾಗಿ ಹುಡುಗಿಯರೆಲ್ಲ ಸದ್ದೇ ಇಲ್ಲದೆ ಬರೀ ತುಟಿಯಲ್ಲಿ ಮಾತಾಡುವುದನ್ನು ಕಲಿತರು. ಮೇಸ್ತ್ರಿಯ ಬೆನ್ನ ಹಿಂದೆ, ಈ ಮೂಲೆಯಿಂದ ಆ ಮೂಲೆಗೆ, ಅವನದೇ ಮನೆಯ ಗುಟ್ಟು ದಾಟಿಹೋಗುತ್ತಿತ್ತಂತೆ. ಗಿರಣಿ ಮುಚ್ಚಿತು, ಕಿವಿ ಮಂದವಾಯಿತು, ಆ ವಿದ್ಯೆ ಮಾತ್ರ ಉಳಿಯಿತು.

"ಸದ್ದು ಯಾಕೆ ಬೇಕು ಹೇಳು?" ಅನ್ನುತ್ತಾರೆ. "ಸದ್ದು ಇಟ್ರೆ ಅವರು ಕೇಳಿಸ್ಬೇಕು ಅಂದ್ಕೊಂಡಿದ್ದಷ್ಟೇ ಕೇಳ್ಸುತ್ತೆ. ಈಗ ಆ ಫುಟ್‌ಬಾಲ್‌ನವನು ರೆಫ್ರಿಗೆ ಏನಂದ ಗೊತ್ತಾ? ಬೇಡ ಬಿಡು, ನೀನಿನ್ನೂ ಚಿಕ್ಕ ಹುಡುಗಿ." ನನಗೆ ಅರವತ್ತೆರಡು. ಅವರಿಗೆ ಎಂಬತ್ತೊಂದು.

ಇಷ್ಟು ಬಾಯಿಬಡುಕಿ ಎನಿಡ್ ತುಟಿ ಹೊಲಿದುಕೊಳ್ಳುವುದು ಒಂದೇ ಹೆಸರಿಗೆ. ತಂಗಿ ನೋರಾ. ಅಕ್ಕಪಕ್ಕದ ಮಗ್ಗದಲ್ಲೇ ಇಪ್ಪತ್ತು ವರ್ಷ ದುಡಿದ ತಂಗಿ. ತಾಯಿ ಸಾಯುವಾಗ ಎನಿಡ್‌ಗೆ ಬಿಟ್ಟುಹೋದದ್ದು ಒಂದು ಜೊತೆ ಪಿಂಗಾಣಿ ನಾಯಿ. ಬಿಳಿ ಮೈ, ಕಂದು ಕಿವಿ. ಎಡಗಡೆಯದರ ಕಿವಿ ಮುರಿದು, ಅಪ್ಪ ಕಪ್ಪು ಅಂಟು ಮೆತ್ತಿ ಕೂಡಿಸಿದ್ದ. ಹದಿನಾಲ್ಕು ವರ್ಷದ ಹಿಂದೆ, ಬೇಸಿಗೆಯ ಒಂದು ಸಂಜೆ, ಅಗ್ಗಿಷ್ಟಿಕೆಯ ಮೇಲಿನ ಹಲಗೆಯಲ್ಲಿದ್ದ ಆ ನಾಯಿಗಳು ಮಾಯವಾದವು. ಬಾಗಿಲು ಒಡೆದಿರಲಿಲ್ಲ. ಬೇರೇನೂ ಹೋಗಿರಲಿಲ್ಲ.

"ಇನ್ನೊಂದು ಕೀಲಿ ಯಾರ ಹತ್ರ ಇರೋದು, ಯೋಚನೆ ಮಾಡು," ಅಂದನಂತೆ ಗಂಡ ಕ್ಲಿಫರ್ಡ್. ಕೀಲಿ ಇದ್ದದ್ದು ನೋರಾ ಹತ್ತಿರ. ಮುಂದಿನ ಭಾನುವಾರ ಪ್ರಾರ್ಥನೆ ಮುಗಿದು ಚಾಪೆಲ್ ಬಾಗಿಲಲ್ಲಿ, ಊರೆಲ್ಲ ನೋಡುತ್ತಿರುವಾಗ, ಎನಿಡ್ ತಂಗಿಯನ್ನು ಕಳ್ಳಿ ಎಂದರು. ನೋರಾ ಚೀಲದಿಂದ ಕೀಲಿ ತೆಗೆದು ಅಕ್ಕನ ಕೈಗಿಟ್ಟು ಹೋದರು. ಅಷ್ಟೇ. ಮೂರು ವರ್ಷದ ಹಿಂದೆ ಕ್ಲಿಫರ್ಡ್ ಸತ್ತಾಗ ಅಂತ್ಯಕ್ರಿಯೆಗೆ ಬಂದು ಹಿಂದಿನ ಸಾಲಿನಲ್ಲಿ ಕೂತು, ಟೀ ಕೂಡ ಕುಡಿಯದೆ ಎದ್ದುಹೋದರು. "ಕಣ್ಣೀರು ಹಾಕೋಕೂ ಬರಲ್ಲ ಅವಳಿಗೆ," ಅಂದಿದ್ದರು ಎನಿಡ್.

ಕಳೆದ ಮಂಗಳವಾರ ಮಧ್ಯಾಹ್ನ ಮೂರೂವರೆಗೆ ಗೋಡೆಯಾಚೆಯಿಂದ ಒಂದು ಕೂಗು ಬಂತು. ಬಿದ್ದರೇನೋ ಎಂದು ಓಡಿದೆ. ಎನಿಡ್ ಟಿವಿಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದರು.

ಹಳೇ ಸಾಮಾನಿಗೆ ಬೆಲೆ ಕಟ್ಟುವ ಕಾರ್ಯಕ್ರಮದ ಹಳೇ ಕಂತನ್ನು ಮತ್ತೆ ಹಾಕುತ್ತಿದ್ದರು. ಯಾವುದೋ ಜಮೀನ್ದಾರರ ಬಂಗಲೆಯ ಹುಲ್ಲುಹಾಸು, ಅಜ್ಜಿಯ ಕಾಲದ ವಸ್ತು ಹಿಡಿದು ಸಾಲು ನಿಂತ ಜನ. ಮುಂದೆ ಒಬ್ಬ ಪರಿಣತ ಬೆಳ್ಳಿ ಸಕ್ಕರೆ ಬಟ್ಟಲಿನ ಬಗ್ಗೆ ಏನೋ ಹೇಳುತ್ತಿದ್ದ.

"ಅವನನ್ನ ಬಿಡು! ಹಿಂದೆ ನೋಡು, ಹಿಂದೆ!"

ಹಿಂದಿನ ಮೇಜಿನ ಬಳಿ ಚಪ್ಪಟೆ ಟೋಪಿಯ ಒಬ್ಬ ಮನುಷ್ಯ. ಮುಂದೆ ಎರಡು ಪಿಂಗಾಣಿ ನಾಯಿ. ಒಂದರ ಕಿವಿಯ ಸುತ್ತ ಕಪ್ಪು ಗೆರೆ. ಕ್ಲಿಫರ್ಡ್! ಅವನ ಶವಪೆಟ್ಟಿಗೆಯ ಹಿಂದೆ ನಡೆದವಳು ನಾನು.

"ಹಿಂದಕ್ಕೆ ತಗೊಂಡ್ಹೋಗು. ಅವನು ಮಾತಾಡ್ತಾ ಇದಾನೆ."

ರಿಮೋಟ್ ಒತ್ತಿದೆ. ಕ್ಯಾಮೆರಾದವರಿಗೆ ಅವನು ಲೆಕ್ಕಕ್ಕೇ ಇರಲಿಲ್ಲ. ಸಕ್ಕರೆ ಬಟ್ಟಲಿನ ಹಿಂದೆ ಎಂಟು ಹತ್ತು ಸೆಕೆಂಡು, ಸದ್ದಿಲ್ಲದೆ, ಮೇಜಿನಾಚೆಯ ಹೆಂಗಸಿಗೆ ಏನೋ ಹೇಳುತ್ತಿದ್ದ. ನನಗೆ ಕಂಡದ್ದು ಆಡುವ ಬಾಯಿ ಮಾತ್ರ. ಎನಿಡ್ ಒಂದೊಂದೇ ಪದ ಹೇಳಿದರು.

"'ಹೆಂಡತೀದು. ಅವಳಮ್ಮ ಕೊಟ್ಟಿದ್ದು.' ... 'ಇಲ್ಲ, ಅವಳಿಲ್ಲ. ತೀರ್ಕೊಂಡ್ಳು, ಪಾಪ. ನಾನಿಟ್ಕೊಂಡು ಏನ್ ಮಾಡ್ಲಿ?'"

ನಾಲ್ಕು ಸಲ ನೋಡಿದೆವು. ನಾಲ್ಕು ಸಲವೂ ಅದೇ.

"ನನ್ನ ಸಾಯಿಸ್ಬಿಟ್ಟ," ಅಂದರು ಎನಿಡ್. "ಮನೇಲಿ ಅವನ ಬನಿಯನ್ ಒಗೀತಾ ಇದ್ದೆ ನಾನು. ಅಲ್ಲಿ ನನ್ನ ಸಾಯಿಸ್ಬಿಟ್ಟ! ಆ ಬೇಸಿಗೇಲೇ ಅಲ್ವೇನೇ ಅವನ ಪಂದ್ಯದ ಪಾರಿವಾಳಗಳಿಗೆ ಹೊಸ ಗೂಡು ಬಂದಿದ್ದು? ಸ್ನೇಹಿತರೆಲ್ಲ ಸೇರಿ ಕಟ್ಟಿಕೊಟ್ರು ಅಂದ. ಆ ಸ್ನೇಹಿತರಿಗೆ ನಾನು ಕೇಕ್ ಬೇಯಿಸಿ ಕಳಿಸಿದ್ದೆ."

ಅವತ್ತಿನವರೆಗೂ 'ಕ್ಲಿಫರ್ಡ್ ಅವರು' ಎಂದೇ ಅನ್ನುತ್ತಿದ್ದೆ. ಇನ್ನು ನನ್ನಿಂದ ಆಗದು. ಪಾರಿವಾಳದ ಮೇಲಿನ ಹುಚ್ಚನ್ನಾದರೂ ಕ್ಷಮಿಸಬಹುದು, ಕೀಲಿ ಯಾರ ಹತ್ತಿರ ಇದೆ ಎಂದು ಕೇಳಿದ ಆ ನಾಲಗೆಯನ್ನು ಹೇಗೆ ಕ್ಷಮಿಸುವುದು?

ಎನಿಡ್ ಕೋಟು ಹುಡುಕತೊಡಗಿದರು. "ನಿನ್ನ ಕಾರು ತೆಗಿ. ನೋರಾ ಮನೆಗೆ."

"ಫೋನ್ ಮಾಡಿ ಹೋಗೋಣ್ವಾ? ಬಾಗಿಲು ತೆಗೀದಿದ್ರೆ?"

"ತೆಗೀದಿದ್ರೆ ಹೊರಗೇ ನಿಂತಿರ್ತೀನಿ. ಊರ ಮುಂದೆ ಕಳ್ಳಿ ಅಂದೆ, ಬೀದೀಲೇ ತಪ್ಪಾಯ್ತು ಅಂತೀನಿ."

ನೋರಾ ಇರುವ ಬರ್ಸ್ಟಲ್‌ಗೆ ಹತ್ತು ನಿಮಿಷದ ದಾರಿ. ಹದಿನಾಲ್ಕು ವರ್ಷ ಎನಿಡ್ ಅಲ್ಲಿಗೆ ಹೋಗುವ ಬಸ್ಸು ಹತ್ತಿರಲಿಲ್ಲ. ದಾರಿಯುದ್ದಕ್ಕೂ ಒಂದೇ ಮಾತು: "ಅವಳು ನಂಬ್ತಾಳೇನೇ? ತಪ್ಪನ್ನ ಸತ್ತವನ ಮೇಲೆ ಹಾಕ್ತಿದಾಳೆ ಅಂದ್ಕೊಂಡ್ರೆ?"

ನೋರಾ ಬಾಗಿಲು ತೆಗೆದರು. ಕುಳ್ಳಗೆ, ಚಪ್ಪಲಿ ಮೆಟ್ಟಿ, ಕೈಯಲ್ಲಿ ಪಾತ್ರೆ ಒರೆಸುವ ಬಟ್ಟೆ. ಅಕ್ಕನನ್ನು ನೋಡಿ ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಎನ್ನಲಿಲ್ಲ.

"ನಾಯಿ ತಗೊಂಡಿದ್ದು ನೀನಲ್ಲ," ಎನಿಡ್ ಬೀದಿಗೆಲ್ಲ ಕೇಳುವಂತೆ ಅಂದರು. "ಕ್ಲಿಫರ್ಡ್ ಕಣೇ. ಈಗಷ್ಟೇ ಟಿವೀಲಿ ನೋಡ್ದೆ..."

"ಗೊತ್ತು."

"ಏನು ಗೊತ್ತು?"

"ಮೊದಲ್ನೇ ಸಲ ಹಾಕಿದಾಗ್ಲೇ ನೋಡ್ದೆ. ಅದೇ ವರ್ಷ, ಅಕ್ಟೋಬರ್‌ನಲ್ಲಿ, ಒಂದು ಭಾನುವಾರ ಸಂಜೆ. ನೀನು ಚಾಪೆಲ್ಲಿನಲ್ಲಿದ್ದೆ."

ಎನಿಡ್ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಗೊತ್ತಿದ್ದೂ ಇಷ್ಟು ವರ್ಷ ಕಳ್ಳಿ ಅನ್ನಿಸ್ಕೊಂಡೇ ಇದ್ಯಾ? ಬಾಯಿ ಇರ್ಲಿಲ್ವಾ ನಿಂಗೆ?"

"ಏನಂತ ಹೇಳ್ಲಿ ಎನಿಡ್? ನಾಯಿ ಮಾರಿದ್ದು ಅವನೇ ಅಂತ ಹೇಳಬಹುದಿತ್ತು. ನೀನು ಸುಮ್ನೆ ನಂಬೋಳಾ? ತೋರ್ಸು ಅಂತಿದ್ದೆ. ತೋರ್ಸಿದ್ರೆ ಅವನ ತುಟೀನೂ ಓದ್ತಿದ್ದೆ. ಓದಿದ್ಮೇಲೆ ಮನೆಗೆ ಹೋಗಿ ಅವನಿಗೆ ಊಟ ಬಡಿಸ್ತಿದ್ಯಾ?"

"ಅವನು ಸತ್ತ ಮೇಲಾದ್ರೂ?"

ನೋರಾ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದರು, ಮತ್ತೆ ಬಿಡಿಸಿದರು.

"ಅವನನ್ನ ಮಣ್ಣು ಮಾಡಿದ ದಿನ ಹೇಳೋಣ ಅಂತಲೇ ಬಂದಿದ್ದೆ. ನೀನು ಅವನಿಗೋಸ್ಕರ ಅಷ್ಟು ಅಳ್ತಾ ಇದ್ದೆಯಲ್ಲ. ಎದ್ದು ಬಂದ್ಬಿಟ್ಟೆ."