ಬೇಗ ಬಲಿತ ಜೇಕು

ಆಗೆಲ್ಲ ತ್ಯಾಗರಾಜನಗರದ ಯಾವ ರಸ್ತೆಗೆ ಹೋದರೂ ಒಂದಾದರೂ ಖಾಲಿ ಸೈಟು ಇರುತ್ತಿತ್ತು, ಅದರ ತುಂಬ ಜೇಕು ಹುಲ್ಲು. ತೋಟದವರು ಶಾಪ ಹಾಕುತ್ತಾ ಕಿತ್ತೆಸೆಯುವ ಆ ಹುಲ್ಲಿನ ಬೇರಿನಲ್ಲಿ ಪುಟ್ಟ ಪುಟ್ಟ ಕಪ್ಪು ಗಡ್ಡೆಗಳಿರುತ್ತವೆ. ನಮ್ಮಜ್ಜಿ ಅವನ್ನು ತೊಳೆದು, ಗೋಣಿಚೀಲದ ಮೇಲೆ ಉಜ್ಜಿ ನಾರು ತೆಗೆದು, ಬಾಣಲೆಯಲ್ಲಿ ಹುರಿದು ಬೆಲ್ಲದ ಜೊತೆ ಕೊಡುತ್ತಿದ್ದಳು. ಮನೆಯೆಲ್ಲ ಕರ್ಪೂರದಂಥ ಘಮ. ಬಾಯಿಗಿಟ್ಟರೆ ಮೊದಲು ಒಗರು, ಅಗಿಯುತ್ತಾ ಹೋದರೆ ಕೊಬ್ಬರಿಯ ರುಚಿ. ಚಾಕಲೇಟಿಗಿಂತ ಚೆನ್ನಾಗಿತ್ತು ಅಂತ ಸುಳ್ಳು ಹೇಳಲಾರೆ, ಆದರೂ ಜಗಳವಾಡಿ ತಿನ್ನುತ್ತಿದ್ದೆವು.

ಅಜ್ಜಿಯದು ಒಂದೇ ನಿಯಮ. ಗರಿ ಹಸಿರಿದ್ದರೆ ಅಗೆಯಬಾರದು, ಹಳದಿಯಾಗಿ ಒಣಗಿದರೆ ಗಡ್ಡೆ ಬಲಿತಿದೆ ಎಂದರ್ಥ. ಅದು ಮಳೆಗಾಲ ಮುಗಿದ ಮೇಲಿನ ಮಾತು. ಒಂದು ವರ್ಷ ಮಾತ್ರ ಶ್ರಾವಣದಲ್ಲೇ ನಮ್ಮ ಪಕ್ಕದ ಸೈಟು ಹಳದಿಯಾಯಿತು.

"ಈ ಸಲ ಬೇಗ ಬಲ್ತಿದೆ ಕಣೇ, ಬಾ," ಎಂದು ಅಜ್ಜಿ ಹಿಗ್ಗಿದಳು.

ಅಗೆದು ತಂದು ಬಾಣಲೆ ಇಡುವಷ್ಟರಲ್ಲಿ ನನ್ನ ತಮ್ಮ ಚಂದು ಹಸಿಯದನ್ನೇ ಬಾಯಿಗೆ ತುಂಬಿಕೊಂಡಿದ್ದ. ಅದೇ ಹೊತ್ತಿಗೆ ಸೈಟಿನ ವಾಚ್‌ಮನ್ ನಮ್ಮ ಗೇಟಿನ ಹತ್ತಿರ ಬಂದ.

"ಅಮ್ಮಾ, ಅಲ್ಲಿ ಏನ್ ಅಗೀತಿದ್ರಿ? ಮನೆ ಕಟ್ತೀವಿ ಅಂತ ಹುಲ್ಲು ಸಾಯೋಕೆ ಔಷಧಿ ಹೊಡ್ಸಿದಾರೆ."

ಅಜ್ಜಿ ಚಂದುವಿನ ದವಡೆ ಹಿಡಿದು ಬಾಯಿಗೆ ಬೆರಳು ಹಾಕಿದಳು. ನುಂಗಿಯಾಗಿತ್ತು.

"ಎಷ್ಟು ತಿಂದ್ಯೋ?"

"ಒಂದ್ ಹಿಡಿ ಅಜ್ಜಿ. ಯಾಕೆ?"

ನರ್ಸಿಂಗ್ ಹೋಮಿನ ಡಾಕ್ಟರು ಯಾವ ಔಷಧಿ ಎಂದು ಕೇಳಿದರು. ಯಾರಿಗೆ ಗೊತ್ತು? "ಹುಲ್ಲಿನ ಬೇರು ಮಕ್ಕಳಿಗೆ ಯಾರಾದ್ರೂ ಕೊಡ್ತಾರೇನ್ರಿ?" ಎಂದು ರೇಗಿದರು. ಯಾರಿಗೂ ಸೊಪ್ಪು ಹಾಕದ ಅಜ್ಜಿ ತಲೆ ತಗ್ಗಿಸಿ ನಿಂತಿದ್ದಳು. ಚಂದು ವಾಂತಿ ಮಾಡಿ ಮಾಡಿ ಸುಸ್ತಾಗಿ ಮಲಗಿದ. ಅವನ ಕಾಲು ತಣ್ಣಗಿತ್ತು. ಸತ್ತೇಹೋಗುತ್ತಾನೆ ಅಂದುಕೊಂಡೆ.

ಸಂಜೆ ಅವನು ಎದ್ದು ಕೂತು ಇಡ್ಲಿ ಬೇಕು ಅಂದ. ಆಫೀಸಿನಿಂದ ಓಡಿಬಂದಿದ್ದ ಅಮ್ಮ ಗೊಳೋ ಎಂದು ಅತ್ತಳು. ಅಜ್ಜಿ ಮನೆಗೆ ಬಂದವಳೇ ಉಳಿದ ಗಡ್ಡೆಯನ್ನೆಲ್ಲ ಕಸಕ್ಕೆ ಸುರಿದಳು.

ಸೊಪ್ಪು, ಗಡ್ಡೆ ಆರಿಸುವುದರಲ್ಲಿ ಅವಳದು ಎತ್ತಿದ ಕೈ. ಗಾಂಧಿಬಜಾರಿಗೆ ಹೊರಟರೆ ಅಕ್ಕಪಕ್ಕದವರೂ ಜೊತೆಗೆ ಬರುತ್ತಿದ್ದರು. ಅದಾದ ಮೇಲೆ ಸೊಪ್ಪಿನವಳ ಮುಂದೆ ನಿಂತರೂ ಕೈ ಚಾಚುತ್ತಿರಲಿಲ್ಲ. "ನೀನೇ ನೋಡಿ ಕೊಡಮ್ಮ, ನಂಗೆ ಗೊತ್ತಾಗಲ್ಲ," ಎನ್ನುತ್ತಿದ್ದಳು.

ಈಗ ಆ ರಸ್ತೆಯಲ್ಲಿ ಖಾಲಿ ಸೈಟೇ ಇಲ್ಲ. ಇದ್ದರೂ ನನಗೇನು ಉಪಯೋಗ? ಹೊನಗೊನೆ ಸೊಪ್ಪು ಯಾವುದು, ಗಣಿಕೆ ಸೊಪ್ಪು ಯಾವುದು, ಒಂದೂ ಗುರುತು ಹತ್ತುವುದಿಲ್ಲ. ಎಲ್ಲವನ್ನೂ ಒಂದೊಂದಾಗಿ ಹೇಳಿಕೊಡುತ್ತಿದ್ದವಳು ಆ ಸಂಜೆಯೇ ನಿಲ್ಲಿಸಿಬಿಟ್ಟಳು.