ಗ್ರೂಪ್ ಫೋಟೋದಲ್ಲಿ ಇಲ್ಲದ ಚಲುವಯ್ಯ

ಕೆರೆಬೀದಿ ಯೂನಿಯನ್ ಫುಟ್‌ಬಾಲ್ ಕ್ಲಬ್ಬಿನ ಜೆರ್ಸಿ, ಬೂಟು, ಚೆಂಡುಗಳನ್ನು ಚಲುವಯ್ಯ ಇಪ್ಪತ್ತೇಳು ವರ್ಷದಿಂದ ನೋಡಿಕೊಂಡಿದ್ದಾನೆ. ಈ ಕೆಲಸಕ್ಕೆ ಬೇರೆ ಕ್ಲಬ್ಬುಗಳಲ್ಲಿ ಕಿಟ್ ಮ್ಯಾನ್ ಎಂಬ ಹೆಸರಿದೆ, ಬೆನ್ನ ಮೇಲೆ ಹಾಗೆಂದು ಬರೆದ ಟೀ ಶರ್ಟೂ ಇದೆ. ಇಲ್ಲಿ 'ಚಲುವಣ್ಣ' ಎಂದು ಕೂಗುತ್ತಾರೆ, ಅವನು ಬರುತ್ತಾನೆ, ಅಷ್ಟೇ.

ಮ್ಯಾಚಿನ ದಿನ ಎರಡು ದೊಡ್ಡ ಬ್ಯಾಗುಗಳನ್ನು ಬಲಭುಜಕ್ಕೆ ನೇತುಹಾಕಿಕೊಂಡು ಹಲಸೂರಿನಿಂದ ಅಶೋಕನಗರದ ಸ್ಟೇಡಿಯಂ ಮುಟ್ಟಬೇಕು. ಆಟ ಮುಗಿದ ಮೇಲೆ ಕೆಸರು ಮೆತ್ತಿದ ಬಟ್ಟೆಯನ್ನೆಲ್ಲ ಕೂಡಿಸಿ ಒಗೆಯಲು ಹಾಕಬೇಕು. ಚೆಂಡನ್ನು ಮಂಡಿಯ ಮೇಲಿಟ್ಟು ಹೆಬ್ಬೆರಳಲ್ಲಿ ಒತ್ತಿ ಗಾಳಿ ಸಾಕೋ ಬೇಕೋ ಹೇಳಬೇಕು. ಗಾಳಿ ಅಳೆಯುವ ಮೀಟರು ಕೊಂಡ ವರ್ಷವೂ ಕೋಚು ಮೊದಲು ಮೀಟರು ನೋಡಿ, ಆಮೇಲೆ ಚಲುವಯ್ಯನ ಮುಖ ನೋಡುತ್ತಿದ್ದರು.

ಹೋದ ಸೀಸನ್ನಿನಿಂದ ಅವನ ಬಲಗೈ ಕಿವಿಯಿಂದ ಮೇಲಕ್ಕೆ ಏಳುವುದಿಲ್ಲ. ಬೆಳಿಗ್ಗೆ ಅಂಗಿ ತೊಡಿಸುವುದು ಹೆಂಡತಿ ಆದಿಲಕ್ಷ್ಮಿ. ಅಂಥ ಹೊತ್ತಿನಲ್ಲಿ ಕೆ.ಆರ್. ಪುರದ ಒಂದು ಫುಟ್‌ಬಾಲ್ ಅಕಾಡೆಮಿಯವರು ಫೋನ್ ಮಾಡಿದ್ದರು. ಸ್ಟೋರ್ ರೂಮ್ ಇದೆ, ವಾಷಿಂಗ್ ಮೆಷಿನ್ ಇದೆ, ಬೆಳಗಿನ ಹೊತ್ತು ಮಾತ್ರ ಕೆಲಸ, ಹೊರುವುದು ಏನೂ ಇಲ್ಲ. ಹಲಸೂರಿನಲ್ಲಿ ಮೆಟ್ರೋ ಹತ್ತಿದರೆ ನೇರ ಅಲ್ಲೇ ಇಳಿಯಬಹುದು. ಭಾನುವಾರ ಸಂಜೆ ಐದರೊಳಗೆ ಹೇಳಿ ಎಂದಿದ್ದರು.

"ಹೂಂ ಅಂದ್ಬಿಡ್ರೀ," ಎಂದಳು ಆದಿಲಕ್ಷ್ಮಿ, ತೋಳು ತೂರಿಸುತ್ತ.

"ಭಾನುವಾರ ಮೀಟಿಂಗ್ ಇದೆ. ನೋಡ್ಕೊಂಡ್ ಹೇಳ್ತೀನಿ."

"ಅಲ್ಲೇನ್ರೀ ನೋಡೋದಿದೆ?"

ಯಾರಾದರೂ ಒಬ್ಬರು 'ನೀವು ಹೋಗ್ಬೇಡಿ ಚಲುವಣ್ಣ' ಅಂದರೆ ಭುಜ ಇನ್ನೊಂದು ಸೀಸನ್ ತಡೆದೀತು ಎಂದು ಅವನ ಲೆಕ್ಕಾಚಾರ. ಇದನ್ನು ಹೆಂಡತಿಗೆ ಹೇಳಿದರೆ ಅಂಗಿ ಅರ್ಧಕ್ಕೇ ನಿಲ್ಲುತ್ತಿತ್ತು.

ಲೀಗ್ ಶುರುವಾಗುವ ಹಿಂದಿನ ಭಾನುವಾರ ಯೂನಿಯನ್ ಅಭಿಮಾನಿಗಳು ಗೌತಮಪುರದ ಪರ್ವೀನಳ ಟೀ ಅಂಗಡಿಯಲ್ಲಿ ಸೇರುವುದು ರೂಢಿ. ಕ್ಲಬ್ಬನ್ನು ಹೇಗೆ ನಡೆಸಬೇಕೆಂದು ತೀರ್ಮಾನಿಸಿ ಪ್ರೆಸಿಡೆಂಟರಿಗೆ ಒಂದು ಪತ್ರ ಬರೆಯುತ್ತಾರೆ. ಪ್ರೆಸಿಡೆಂಟರು ಇದುವರೆಗೆ ಒಂದಕ್ಕೂ ಉತ್ತರಿಸಿಲ್ಲ, ಇವರು ಒಂದು ವರ್ಷವೂ ಬಿಟ್ಟಿಲ್ಲ. ಈ ಸಲ ಚಲುವಯ್ಯನೂ ಸೇರಿ ಹನ್ನೆರಡು ಜನ ಬಂದಿದ್ದರು. ಆರು ಟೀ ಹೇಳಿ ಬೈ ಟೂ ಮಾಡಿಸಿದರು, ತಲೆಗೆ ಅರ್ಧ ಗ್ಲಾಸು. ನಾಲ್ಕು ಗಂಟೆಗೆ ಚಲುವಯ್ಯ ಮೂಲೆಯ ಸ್ಟೂಲಿನಲ್ಲಿ ಕೂತ.

ಶಿವಾಜಿನಗರದಲ್ಲಿ ಮೊಬೈಲ್ ಕವರ್ ಮಾರುವ ಫಹೀಮ್ ಅಭಿಮಾನಿಗಳ ಕಾರ್ಯದರ್ಶಿ. ಯಾರೂ ಆರಿಸಿದ್ದಲ್ಲ, ಪೆನ್ನು ಅವನ ಹತ್ತಿರ ಇರುತ್ತದೆ. ಕಳೆದ ವರ್ಷದ ತಂಡದ ಫೋಟೋವನ್ನು ಮೇಜಿನ ಮೇಲೆ ಹರಡಿ, ಬಿಟ್ಟುಹೋದವರ ಮುಖಕ್ಕೆ ಒಂದೊಂದು ಅಡ್ಡಗೆರೆ ಹಾಕತೊಡಗಿದ.

"ಕೋಚ್ ಹೋದ್ರು. ಗೋಲ್‌ಕೀಪರ್ ಕೋಚ್ ಅವ್ರ ಹಿಂದೇನೇ ಹೋದ್ರು. ಫಿಜಿಯೋ ಸ್ವಂತ ಕ್ಲಿನಿಕ್ ಇಟ್ಟವ್ರೆ. ಮ್ಯಾನೇಜರ್ ಫೋನ್ ಎತ್ತಲ್ಲ."

"ಎತ್ತದೇ ಇದ್ರೆ ಹೋದಂಗಾ?" ಎಂದ ಒಬ್ಬ.

"ಕ್ಲಬ್ ವಾಟ್ಸಾಪ್ ಗ್ರೂಪಿಂದ ಲೆಫ್ಟ್ ಆಗವ್ರೆ ಗುರು. ಇನ್ನೇನ್ ಸ್ಟ್ಯಾಂಪ್ ಪೇಪರ್ ಬೇಕಾ ನಿಂಗೆ?"

ಕಗ್ಗದಾಸಪುರದ ಮುನಿಆಂಜನಪ್ಪ ಗಂಟಲು ಸರಿಮಾಡಿಕೊಂಡರು. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರ ಎರಡು ಪಿ.ಜಿ. ಕಟ್ಟಡಗಳಿವೆ, ಆದ್ದರಿಂದ ಆಡಳಿತದ ವಿಷಯದಲ್ಲಿ ಅವರ ಮಾತಿಗೆ ತೂಕ ಜಾಸ್ತಿ.

"ತಪ್ಪೆಲ್ಲ ಮ್ಯಾನೇಜ್‌ಮೆಂಟ್‌ದು. ನಮ್ ಪಿ.ಜಿ.ಲಿ ಹುಡುಗ್ರು, ತಿಗಣೆ ಕಚ್ಸ್ಕೊಂಡೂ ಎರಡು ವರ್ಷ ಇರ್ತಾರೆ. ಇವ್ರತ್ರ ಕೋಚು ಎಂಟು ತಿಂಗಳು ಇರಲ್ಲ ಅಂದ್ರೆ ಏನರ್ಥ?"

"ಈ ಸಲ ಲೀಗಲ್ಲಿ ಎಷ್ಟನೇ ಜಾಗ ಅಂತೀರಾ ಯಜಮಾನ್ರೇ?" ಎಂದು ಒಬ್ಬ ಕೇಳಿದ.

"ಏಳು."

"ಮೇಲಿಂದಾನಾ?"

"ಎಲ್ಲಿಂದ ಎಣಿಸ್ತೀಯೋ ನಿನ್ನಿಷ್ಟ ಕಣಪ್ಪ."

ಚಲುವಯ್ಯ ಫೋಟೋದ ಕಡೆಗೆ ನೋಡಿದ. ವರ್ಷವರ್ಷವೂ ಈ ಫೋಟೋ ತೆಗೆಯುವಾಗ ಆಟಗಾರರು ಫೋನು, ವಾಚು, ಚಪ್ಪಲಿ ಬಿಚ್ಚಿ ಅವನ ಕೈಗೆ ಕೊಡುತ್ತಾರೆ. ಕೋಚು ಕನ್ನಡಕ ಕೊಡುತ್ತಾರೆ. ಇವನ್ನೆಲ್ಲ ಒಂದು ಚೀಲದಲ್ಲಿ ಹಿಡಿದು ಅವನು ಫೋಟೋಗ್ರಾಫರನ ಹಿಂದೆ ನಿಲ್ಲುತ್ತಾನೆ. ನಗಿ ಎಂದಾಗ ಅವನೂ ನಗುತ್ತಾನೆ, ಅಭ್ಯಾಸ. ಹೀಗೆ ಇಪ್ಪತ್ತೇಳು ಫೋಟೋಗಳಲ್ಲಿ ಅವನಿಲ್ಲ.

"ಸ್ಟಾಫ್ ಒಟ್ಟು ನಾಲ್ಕು," ಫಹೀಮ್ ಕೊನೆಯ ಗೆರೆ ಎಳೆದ. "ನಾಲ್ಕೂ ಖಾಲಿ. ಬರ್ಕೊಳ್ತೀನಿ. 'ಮಾನ್ಯರೇ, ಕ್ಲಬ್ಬಿನಲ್ಲಿ ಈಗ ಸಿಬ್ಬಂದಿ ಎಂಬುವರು ಒಬ್ಬರೂ ಉಳಿದಿರುವುದಿಲ್ಲ.'"

ಖಾಲಿ ಗ್ಲಾಸು ಎತ್ತಲು ಬಂದ ಪರ್ವೀನ್ ನಿಂತಳು. "ಮತ್ತೆ ಇವ್ರು ಯಾರು?" ಎಂದು ಗದ್ದದಲ್ಲೇ ಚಲುವಯ್ಯನನ್ನು ತೋರಿಸಿದಳು.

ಎಲ್ಲರೂ ತಿರುಗಿ ನೋಡಿ ನಕ್ಕರು. ಕುಹಕದ ನಗುವಲ್ಲ, ಪ್ರೀತಿಯದ್ದೇ.

"ಅಯ್ಯೋ ಆಪಾ, ಚಲುವಣ್ಣ ಸ್ಟಾಫ್ ಅಲ್ಲ. ನಮ್ಮೋರು," ಎಂದ ಫಹೀಮ್.

"ನಮ್ಮೋನೇ," ಎಂದು ಮುನಿಆಂಜನಪ್ಪ ಅಕ್ಕರೆಯಿಂದ ಅವನ ಬಲಭುಜಕ್ಕೇ ಒಂದು ಹಾಕಿದರು. ಗ್ಲಾಸಿನಲ್ಲಿದ್ದ ಟೀ ಪ್ಯಾಂಟಿನ ಮೇಲೆ ಚೆಲ್ಲಿತು. ನೋವು ಮೊಣಕೈಯವರೆಗೆ ಇಳಿದು ಹೋಗಲು ಬಿಟ್ಟು, ಚಲುವಯ್ಯ ಬಾಯಿ ಬಿಟ್ಟ.

"ನಾನೂ ಕ್ಲಬ್ ಬಿಡೋಣ ಅಂತಿದೀನಿ. ಕೆ.ಆರ್. ಪುರದಲ್ಲಿ ಒಂದು ಅಕಾಡೆಮಿ ಕರೆದಿದೆ. ಐದ್ರೊಳಗೆ ಹೇಳ್ಬೇಕು."

ಫಹೀಮನ ಪೆನ್ನು ಹಾಳೆಯ ಮೇಲೆ ನಿಂತಿತು.

"ತಮಾಷೆ ಬೇಡ ಅಣ್ಣ," ಎಂದ ಫಹೀಮ್. "ಸ್ಟಾಫ್ ಹೋಗ್ತಾರೆ, ಅದು ಬಿಡಿ. ನೀವು ಹೆಂಗೆ ಹೋಗ್ತೀರಾ?"

"ಮೆಟ್ರೋಲಿ."

"ನೀನು ಹೋಗ್ಬಾರ್ದು ಚಲುವ. ಹೇಳ್ಬಿಟ್ಟಿದೀನಿ," ಎಂದರು ಮುನಿಆಂಜನಪ್ಪ. "ನೀನು ಹೋದ್ರೆ ಚೆಂಡು ಯಾರು ತರ್ತಾರೆ? ಬಟ್ಟೆ ಯಾರು ಒಗೆಸ್ತಾರೆ?"

"ಹೋಗ್ಬೇಡಿ ಅಣ್ಣ," ಎಂದು ಉಳಿದವರೂ ಶುರುಮಾಡಿದರು. ಕಾಯುತ್ತಿದ್ದ ಮಾತು ಒಂದಲ್ಲ, ಹತ್ತು ಬಾಯಿಂದ ಬಂತು. ಯಾಕೆ ಹೋಗುತ್ತೀರಿ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಗೋಡೆ ಗಡಿಯಾರ ನಾಲ್ಕೂವರೆ ದಾಟಿತ್ತು.

"ಆಯ್ತು, ಇರ್ತೀನಿ," ಎಂದ ಚಲುವಯ್ಯ. "ಭುಜ ಹೋಗಿದೆ. ಶನಿವಾರ ಫಸ್ಟ್ ಮ್ಯಾಚ್. ಬ್ಯಾಗ್ ಎರಡಿವೆ. ಒಂದನ್ನ ಯಾರಾದ್ರೂ ಸ್ಟೇಡಿಯಂ ತನಕ ತರ್ತೀರಾ? ಶನಿವಾರ ಅಂತಲ್ಲ, ಪ್ರತಿ ಮ್ಯಾಚ್‌ಗೂ."

"ಶನಿವಾರ ಅಂಗ್ಡಿಲಿ ಉಸಿರಾಡೋಕೆ ಟೈಮ್ ಇರಲ್ಲ ಅಣ್ಣ," ಎಂದ ಫಹೀಮ್. "ಬೇರೆ ದಿನ ಆಗಿದ್ರೆ ನಾನೇ..."

"ನಂಗೆ ಸ್ಟೆಂಟ್ ಹಾಕವ್ರೆ," ಎಂದು ಮುನಿಆಂಜನಪ್ಪ ಎದೆ ಮುಟ್ಟಿಕೊಂಡರು.

ಒಬ್ಬನ ಬೈಕಿಗೆ ಕ್ಯಾರಿಯರ್ ಇರಲಿಲ್ಲ. ಇನ್ನೊಬ್ಬನಿಗೆ ಕಾರಿತ್ತು, ಆದರೆ ಅದರ ಸೀಟು ಹೊಸದು. ಮೂರನೆಯವನು ಈ ವಿಷಯವನ್ನೂ ಪತ್ರದಲ್ಲಿ ಸೇರಿಸೋಣ, ಇದು ಮ್ಯಾನೇಜ್‌ಮೆಂಟ್ ಜವಾಬ್ದಾರಿ ಎಂದ. ಅದಕ್ಕೆ ಎಲ್ಲರೂ ತಲೆಯಾಡಿಸಿದರು.

ಚಲುವಯ್ಯನಿಗೆ ಸಿಟ್ಟು ಬರಲಿಲ್ಲ. ಇಷ್ಟು ವರ್ಷ ಇವರ ಜೊತೆ ಮಳೆಯಲ್ಲಿ ನಿಂತು, ನಾಲ್ಕು ಗೋಲಿನಿಂದ ಸೋತು, ಒಂದೇ ಆಟೋದಲ್ಲಿ ಐದು ಜನ ಒತ್ತಿಕೊಂಡು ವಾಪಸ್ ಬಂದವನು ಅವನು. ಇವರ ಪ್ರೀತಿ ಸುಳ್ಳಲ್ಲ. ಅದಕ್ಕೆ ಕೈಯಿಲ್ಲ, ಬಾಯಿ ಮಾತ್ರ ಇದೆ. ದಣಿವಾಗಿತ್ತು, ಅಷ್ಟೇ. ಅವನು ಎಡಗೈಯಲ್ಲಿ ಫೋನು ತೆಗೆದು, ಎಲ್ಲರ ಎದುರಿಗೇ ನಂಬರು ಒತ್ತಿದ.

"ಸಾರ್, ಚಲುವಯ್ಯ. ಹೂಂ ಸಾರ್. ನಾಳೆ ಏಳಕ್ಕೆ ಬರ್ತೀನಿ."

ಪರ್ವೀನ್ ಕೇಳದೆಯೇ ಇನ್ನೊಂದು ಟೀ ತಂದು ಅವನ ಮುಂದಿಟ್ಟಳು. ಫುಲ್ಲು.

"ಬರ್ಕೊ ಫಹೀಮ್," ಎಂದ ಚಲುವಯ್ಯ.

"ಪ್ರೆಸಿಡೆಂಟ್‌ಗಾ?"

"ನಿಮ್ಗೇ. ನೀಲಿ ಜೆರ್ಸಿ ಹದಿನೆಂಟಿದೆ, ಬಿಳೀದರ ಜೊತೆ ನೆನೆ ಹಾಕ್ಬೇಡಿ, ಬಣ್ಣ ಬಿಡುತ್ತೆ. ಹನ್ನೊಂದನೇ ನಂಬರ್ ಕಂಕುಳಲ್ಲಿ ಬಿಟ್ಕೊಂಡಿದೆ, ಹೊಲಿಸ್ಬೇಕು. ಗೋಲ್‌ಕೀಪರ್ ಗ್ಲೌಸ್ ಬಿಸಿಲಿಗೆ ಇಡಂಗಿಲ್ಲ. ಹಳೇ ಚೆಂಡು ಮೂರಿವೆ, ಅದ್ರಲ್ಲಿ ಒಂದು ರಾತ್ರಿ ಕಳೆದ್ರೆ ಗಾಳಿ ಇಳಿಯುತ್ತೆ, ಬೆಳಿಗ್ಗೆ ನೋಡ್ಬೇಕು."

"ಯಾವ್ದು ಅಣ್ಣ, ಆ ಒಂದು?"

"ಒತ್ತಿದ್ರೆ ಗೊತ್ತಾಗುತ್ತೆ."

ಮುನಿಆಂಜನಪ್ಪ ಕನ್ನಡಕ ಹಾಕಿಕೊಂಡು ಫಹೀಮನ ಕೈಬರಹವನ್ನು ಬಗ್ಗಿ ನೋಡಿದರು. ಮಾನ್ಯರೇ ಎಂದು ಶುರುವಾಗಿದ್ದ ಹಾಳೆ ಅರ್ಧ ತುಂಬಿತ್ತು.

"ನಿಧಾನಕ್ಕೆ ಹೇಳಿ ಅಣ್ಣ," ಎಂದ ಫಹೀಮ್. "ಗ್ಲೌಸ್ ಆದ್ಮೇಲೆ ಏನಂದ್ರಿ?"

ಚಲುವಯ್ಯ ಟೀ ಒಂದು ಗುಟುಕು ಕುಡಿದು, ಮತ್ತೆ ಮೊದಲಿನಿಂದ ಹೇಳತೊಡಗಿದ.