ಮೂರು ಬೆರಳು ತೂರದ ಬಲೆ

ನಾನು ಚಿಕ್ಕವನಿದ್ದಾಗ, ಪೊಲೀಸ್ ಆಕ್ಷನ್ ಆದ ಮರುವರ್ಷದ ಮಳೆಗಾಲದಲ್ಲಿ, ಒಂದು ಮುಂಜಾನೆ ಕಮಲಾಪುರದ ಹತ್ತಿರದ ನಮ್ಮ ಕೆರೆಯ ಏರಿಯ ಮೇಲೆ ತೂಬಿನ ಕಲ್ಲಿಗೆ ಬೆನ್ನು ಹಚ್ಚಿ ನಿಂತಿದ್ದೆ. ಪಕ್ಕದಲ್ಲಿ ಅಕ್ಕ, ಎದುರಿಗೆ ನೀರು. ಅಲ್ಲಿಂದ ನನಗೆ ಕಂಡಷ್ಟನ್ನು ಮಾತ್ರ ಹೇಳುತ್ತೇನೆ, ಮೊಮ್ಮಕ್ಕಳೇ.

ಹೈದರಾಬಾದ್ ರಾಜ್ಯಕ್ಕೆ ಭಾರತದ ಸೈನ್ಯ ಬಂದದ್ದನ್ನು ದೊಡ್ಡವರು ಪೊಲೀಸ್ ಆಕ್ಷನ್ ಎನ್ನುತ್ತಿದ್ದರು. ಅದರ ನಂತರ ಬಹಳ ದಿನ ಜನ ಮೆಲ್ಲಗೆ ಮಾತಾಡುತ್ತಿದ್ದರು. ಕೆಲವು ಮನೆಗಳ ಬಾಗಿಲು ಮತ್ತೆ ತೆರೆಯಲೇ ಇಲ್ಲ. ಯಾಕೆಂದು ನಾವು ಕೇಳುವಂತಿರಲಿಲ್ಲ.

ನಮ್ಮದು ಮೀನು ಹಿಡಿಯುವವರ ಮನೆ. ಬಲೆ ನೀರಿಗೆ ಇಳಿಯುವ ಮೊದಲು ಅದನ್ನು ಏರಿಯ ಮೇಲೆ ಹರಡಬೇಕು, ಮನೆತನದ ಹಿರಿಯ ಅದರ ಕಣ್ಣಿನಲ್ಲಿ, ಅಂದರೆ ಹೆಣಿಗೆಯ ತೂತಿನಲ್ಲಿ, ಮೂರು ಬೆರಳು ತೂರಿಸಿ ನೋಡಬೇಕು. ಬೆರಳು ಹೋದರೆ ಬಲೆ ಇಳಿಯುತ್ತದೆ. ಹೋಗದಿದ್ದರೆ ಮನೆಗೆ ವಾಪಸ್. ಮರಿಗಳು ತಪ್ಪಿಸಿಕೊಂಡು ಬೆಳೆಯಲಿ ಎಂದು ಮಾಡಿಕೊಂಡ ಕಟ್ಟಳೆ ಅದು. ಯಾರಾದರೂ ಮೀರಿದರೆ ಊರ ಕಾವಲಿನ ತಳವಾರ ಬಂದು ಬಲೆ ಕಿತ್ತುಕೊಳ್ಳುತ್ತಿದ್ದ. ಆಗ ಹಿರಿಯನೆಂದರೆ ನಮ್ಮ ಅಪ್ಪ. ಹುರಿ ಎಳೆದೆಳೆದು ಅವನ ಬೆರಳುಗಳು ಒರಟಾಗಿದ್ದವು, ಅವುಗಳಿಂದ ಬಲೆಗೆ ಹಚ್ಚುವ ಹುಣಸೆ ಬೀಜದ ಅಂಟಿನ ವಾಸನೆ ಬರುತ್ತಿತ್ತು.

ಆ ಮುಂಜಾನೆ ಕಾಕಾ, ಅಂದರೆ ಅಪ್ಪನ ತಮ್ಮ, ಹಸಿರು ಗಂಟೊಂದನ್ನು ಹೊತ್ತು ತಂದ. ಬಿಚ್ಚಿದರೆ ಮಿಲಿಟರಿಯವರ ಸೊಳ್ಳೆಪರದೆಗಳು. ಗುಲಬರ್ಗಾದ, ಅಂದರೆ ನಿಮ್ಮ ಕಲಬುರಗಿಯ, ಹಳೆ ಸಾಮಾನಿನ ಸಂತೆಯಲ್ಲಿ ಕೊಂಡು ಒಂದಕ್ಕೊಂದು ಹೊಲಿದಿದ್ದ. ಅವನ ಹಿಂದೆ ಊರಿನ ಹತ್ತಾರು ಜನ, ಕೈಯಲ್ಲಿ ಬುಟ್ಟಿ.

ಅಪ್ಪ ಕುಕ್ಕರಗಾಲಿನಲ್ಲಿ ಕೂತು ಪರದೆಯ ಮೇಲೆ ಬೆರಳಿಟ್ಟ. ಮೂರು ಬೆರಳಿನ ಮಾತಿರಲಿ, ಜೋಳದ ಕಾಳು ಕೂಡ ತೂರುವಂತಿರಲಿಲ್ಲ.

“ತಮ್ಮಾ, ಇದು ಬಲಿ ಅಲ್ಲೋ, ಅರಿವಿ.”

“ಸೊಳ್ಳಿನೇ ಹೋಗಲ್ಲ ಅಣ್ಣಾ, ಮೀನು ಹ್ಯಾಂಗ ಹೋಗ್ತದ?” ಎಂದ ಕಾಕಾ. ಜನ ನಕ್ಕರು.

“ಮರಿ ಹಿಡದ್ರ ಮುಂದಿನ ವರ್ಷ ಏನ್ ಹಿಡೀತಿ?”

ಕಾಕಾನ ನಗು ನಿಂತಿತು. “ಮುಂದಿನ ವರ್ಷದ್ದು ಮುಂದ ನೋಡೋಣ. ನಿನ್ನಿ ಮುಂಜಾನಿಂದ ನನ್ನ ಮನ್ಯಾಗ ಒಲಿ ಹತ್ತಿಲ್ಲ. ನಿನ್ನ ಬೆರಳು ತೋರಿಸಿ ಹುಡುಗರಿಗಿ ಮಲಗಸ್ಲೇನು?”

ಅಪ್ಪ ತಳವಾರನ ಕಡೆ ನೋಡಿದ. ತಳವಾರ ಕೋಲು ಊರಿಕೊಂಡು ಅಲ್ಲೇ ನಿಂತಿದ್ದ. “ನಾ ಏನ್ ಮಾಡ್ಲಿ ಯಣ್ಣಾ? ಹಳೇ ಸಾಹೇಬ್ರು ಹೋದ್ರು. ಹೊಸಬ್ರು ನನಗ ಏನೂ ಹುಕುಂ ಕೊಟ್ಟಿಲ್ಲ,” ಎಂದು ನೆಲ ನೋಡಿದ.

ಅಪ್ಪ ಎದ್ದ. ತಮ್ಮನ ಕೈ ಹಿಡಿದು ತಡೆಯುತ್ತಾನೆ ಎಂದುಕೊಂಡೆ. ಹಿಡಿಯಲಿಲ್ಲ. ದಾರಿ ಬಿಟ್ಟು ಪಕ್ಕಕ್ಕೆ ಸರಿದ.

ಮಳೆಗಾಲದಲ್ಲಿ ಕೊರವ ಮೀನಿನ ಮರಿಗಳು ದಂಡೆಯ ಹತ್ತಿರ ಗುಂಪಾಗಿ ತೇಲುತ್ತವೆ. ಮೇಲಿನಿಂದ ನೋಡಿದರೆ ನೀರಿನಲ್ಲಿ ಕುಂಕುಮ ಕದಡಿದಂತೆ. ಕೆಳಗೆ ತಾಯಿ ಮೀನು ಸುತ್ತುತ್ತಾ ಕಾವಲಿರುತ್ತದೆ. ಪರದೆ ಆ ಕೆಂಪಿನ ಕೆಳಗೆ ಹೋಯಿತು, ಎದ್ದಿತು, ನೀರಿನಲ್ಲಿ ಕೆಂಪು ಉಳಿಯಲಿಲ್ಲ. ಮತ್ತೆ ಇಳಿಸಿದರು. ದಂಡೆಯ ಕೆಸರಿನಲ್ಲಿ ಮರಿಗಳ ರಾಶಿ ಮಳೆ ಬಿದ್ದಂತೆ ಸಣ್ಣಗೆ ಸದ್ದು ಮಾಡುತ್ತಿತ್ತು. ತಾಯಿ ಮೀನು ದಂಡೆಯವರೆಗೂ ಬಂತು. ಅದನ್ನೂ ಬುಟ್ಟಿಗೆ ಹಾಕಿದರು.

ಅಪ್ಪ ಕೆಸರಿನಲ್ಲಿ ಮಂಡಿಯೂರಿ ಎರಡೂ ಕೈಯಿಂದ ಮರಿಗಳನ್ನು ಬಾಚಿದ. ಯಾರೂ ಬೇಡ ಎನ್ನಲಿಲ್ಲ. ಅಕ್ಕ ಕೊಡದಲ್ಲಿ ನೀರು ತಂದಳು, ನಾನು ಹಿಡಿದುಕೊಂಡೆ. ತುಂಬಿದ ಕೊಡವನ್ನು ತೂಬಿನ ಬಳಿ ಆಳದ ನೀರಿಗೆ ಬಗ್ಗಿಸಿದೆವು. ಮರಿಗಳು ಹೊಟ್ಟೆ ಮೇಲಾಗಿ ತೇಲಿದವು. ಅಪ್ಪ ನೀರನ್ನು ಕೈಯಿಂದ ಮೆಲ್ಲಗೆ ಅಲುಗಾಡಿಸುತ್ತಲೇ ಇದ್ದ, ಮಲಗಿದವರನ್ನು ಎಬ್ಬಿಸುವ ಹಾಗೆ.

ಮಧ್ಯಾಹ್ನ ಕಾಕಾನ ಮಗಳು ಮುತ್ತುಗದ ಎಲೆಯಲ್ಲಿ ನಮ್ಮ ಪಾಲು ತಂದುಕೊಟ್ಟಳು. ನಮಗೂ ಹಸಿವಿತ್ತು. ಅವ್ವ ಖಾರ ಹಚ್ಚಿ ಹುರಿದಳು. ಅಪ್ಪನೂ ತಿಂದ.

ಮರುವರ್ಷ ಅಪ್ಪನ ಬಲೆಯಲ್ಲಿ ಪಾಚಿ ಬಂತು, ಕಪ್ಪೆಚಿಪ್ಪು ಬಂತು. ಬೆರಳು ತೂರಿಸಿ ನೋಡುವುದನ್ನು ಮಾತ್ರ ಅವನು ಬಿಡಲಿಲ್ಲ. ಆಮೇಲೆ ನಾವು ಕಲಬುರಗಿಗೆ ಬಂದೆವು. ಅಪ್ಪ ಇಲ್ಲಿನ ಮೋಮಿನಪುರದಲ್ಲಿ ಮೂಟೆ ಹೊತ್ತ.

ಹಿಂದೊಮ್ಮೆ ಇದನ್ನು ಹೇಳಿದಾಗ ನಿಮ್ಮಲ್ಲೊಬ್ಬಳು, “ಪೊಲೀಸರಿಗೆ ಫೋನ್ ಮಾಡಬೇಕಿತ್ತಲ್ಲ, ಮುತ್ಯಾ?” ಎಂದಳು. ನಿಮಗೆ ಫೋನಿದೆ, ಮರಿ ಮೀನು ಹಿಡಿಯಬಾರದು ಎನ್ನುವ ಕಾನೂನಿದೆ. ಮೀನು ಮುಗಿದರೆ ಲಾರಿಯಲ್ಲಿ ಮರಿ ತಂದು ಕೆರೆಗೆ ಬಿಡುತ್ತಾರೆ. ಆ ಮುಂಜಾನೆ ನಮ್ಮಲ್ಲಿದ್ದದ್ದು ಒಂದು ಕೊಡ.

ಅಪ್ಪ ಇಲ್ಲ, ಕಾಕಾ ಇಲ್ಲ, ತಳವಾರನೂ ಇಲ್ಲ. ಅಂದು ಅಲ್ಲಿದ್ದವರಲ್ಲಿ ನನ್ನನ್ನು ಬಿಟ್ಟರೆ ಈಗ ಬದುಕಿರುವವಳು ಅಕ್ಕ ಒಬ್ಬಳೇ. ಶರಣಸಿರಸಗಿಯಲ್ಲಿ ಮಗನ ಮನೆಯಲ್ಲಿದ್ದಾಳೆ, ಹೋಗಿ ಕೇಳಿ. ನಾವು ಬಿಟ್ಟ ಮರಿಗಳಲ್ಲಿ ಒಂದು ಹೊರಳಿ ಆಳಕ್ಕೆ ಈಜಿ ಹೋಯಿತು ಎನ್ನುತ್ತಾಳೆ ಅವಳು. ಅವಳ ಪಕ್ಕದಲ್ಲೇ ನಿಂತಿದ್ದೆ. ನನಗೆ ಅದು ಕಾಣಲಿಲ್ಲ.